ಚಿತ್ರದ ಕೆಳಗಿನ ಒಂದು ಸಾಲು

ಕಳೆದ ಜುಲೈ ತಿಂಗಳಿನ ಒಂದು ಸಂಜೆ, ಮಳೆ ಹಿಡಿದು ಬಿಡದೆ ಸುರಿಯುತ್ತಿದ್ದಾಗ, ನನ್ನ ಬಾಲ್ಯಸ್ನೇಹಿತನೊಬ್ಬ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಷಿಕಾಗೋ ನಗರದ ಸಮೀಪದಲ್ಲಿ ನೆಲಸಿ ಇಪ್ಪತ್ತು ವರ್ಷಗಳಾದ ಈತನೂ ನಾನೂ ಒಂದೇ ಬೆಂಚಿನ ಮೇಲೆ ಕುಳಿತು ಹತ್ತನೆಯ ತರಗತಿಯನ್ನು ಮುಗಿಸಿದವರು. ಮಗಳು ಅದೇ ವರ್ಷ ಅಲ್ಲಿನ ಹೈಸ್ಕೂಲನ್ನು ಮುಗಿಸಿದ್ದಳು. ಅಜ್ಜಿಗೆ ತೋರಿಸಬೇಕೆಂದು ಸಮುದ್ರ ದಾಟಿಸಿ ತಂದಿದ್ದ ದಪ್ಪನೆಯ ಪುಸ್ತಕವೊಂದನ್ನು, ನಾನು ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ, ನನ್ನ ಮುಂದೆ ಹಿಡಿದಳು. ಗಟ್ಟಿ ರಟ್ಟು, ನುಣುಪಾದ ಕಾಗದ. ತೂಕದಲ್ಲಿ ನಮ್ಮ ನಿಘಂಟಿನ ಒಂದು ಸಂಪುಟಕ್ಕೆ ಸರಿಸಾಟಿ. ಅದು ಅವಳ ಶಾಲೆಯ ಆ ವರ್ಷದ ಸಂಪುಟ. ಅಲ್ಲಿನವರು ಅದನ್ನು ಇಯರ್‌ಬುಕ್ ಎನ್ನುತ್ತಾರೆ.

ಅಮೆರಿಕದಲ್ಲಿ ಹೈಸ್ಕೂಲೆಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳು. ಒಂದೊಂದು ವರ್ಷದವರಿಗೆ ಒಂದೊಂದು ಹೆಸರು. ಕೊನೆಯ ವರ್ಷದವರು ಸೀನಿಯರರು. ಹದಿನೇಳು ಹದಿನೆಂಟರ ಈ ಹುಡುಗ ಹುಡುಗಿಯರಿಗೆ ಶಾಲೆಯಲ್ಲಿ ಇರುವ ಮರ್ಯಾದೆ, ನಮ್ಮ ಊರಿನ ಜಾತ್ರೆಯಲ್ಲಿ ಹೊಸ ಮದುವಣಿಗನಿಗೆ ಇರುವಂಥದು. ಇಯರ್‌ಬುಕ್ಕನ್ನು ಸಿದ್ಧಪಡಿಸುವವರು ವಿದ್ಯಾರ್ಥಿಗಳೇ. ಉಪಾಧ್ಯಾಯರೊಬ್ಬರು ಬೆನ್ನಿಗಿರುತ್ತಾರೆ, ಅಷ್ಟೆ. ಸೀನಿಯರರ ಭಾವಚಿತ್ರಗಳಿಗೆ ಅದರಲ್ಲಿ ದೊಡ್ಡ ಸ್ಥಳ. ಈ ಹುಡುಗಿಯ ಶಾಲೆಯವರು ಪ್ರತಿಯೊಂದು ಚಿತ್ರದ ಕೆಳಗೆ ಹೆಸರು, ಹೆಸರಿನ ಕೆಳಗೆ ಒಂದು ಸಾಲು ಹಾಕಿದ್ದರು. ನನ್ನ ಕಣ್ಣು ಹೋಗಿ ನಿಂತದ್ದು ಆ ಸಾಲುಗಳ ಮೇಲೆ.

ಒಬ್ಬಳು ನಾಲ್ಕು ವರ್ಷ ದೂರದೋಟದ ತಂಡದಲ್ಲಿದ್ದವಳು, ಜೊತೆಗೆ ವಾದ್ಯಮೇಳದಲ್ಲಿ ತನಗಿಂತ ದೊಡ್ಡದಾದ ಕೊಳಲುಕೊಂಬೊಂದನ್ನು ಹೊತ್ತು ಊದುತ್ತಿದ್ದವಳು. ಇನ್ನೊಬ್ಬ ಕುಸ್ತಿಯವನು. ಮತ್ತೊಬ್ಬ ನಾಟಕ ಸಂಘದ ಸದಸ್ಯ. ಆದರೆ ಒಮ್ಮೆಯೂ ಬಣ್ಣ ಹಚ್ಚಿದವನಲ್ಲ, ರಂಗದ ದೀಪಗಳನ್ನು ನೋಡಿಕೊಳ್ಳುತ್ತಿದ್ದವನು. ಚದುರಂಗ ಸಂಘ, ಚರ್ಚಾಕೂಟ, ಶಾಲೆಯ ಪತ್ರಿಕೆ, ವಿದ್ಯಾರ್ಥಿ ಮಂಡಲಿ, ಗಣಿತ ತಂಡ. ಪುಟ ತಿರುವಿದಂತೆ ಮುಖಗಳು ಹಿಂದೆ ಸರಿದು ಮನುಷ್ಯರು ಮುಂದೆ ಬರತೊಡಗಿದರು. ದೀಪದ ಹುಡುಗನನ್ನು ನಾನು ಕಂಡವನಲ್ಲ. ಆದರೂ ಅವನನ್ನು ಬೀದಿಯಲ್ಲಿ ಕಂಡರೆ ಗುರುತಿಸಬಲ್ಲೆನೆನಿಸಿತು. ಪುಸ್ತಕದ ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳ ತುಂಬ ಗೆಳತಿಯರ ಹಸ್ತಾಕ್ಷರ. ಅದನ್ನು ಮಾತ್ರ ನನಗೆ ಓದಗೊಡಲಿಲ್ಲ.

ಇಂಥ ಪುಸ್ತಕಗಳನ್ನು ಹುಡುಗಾಟವೆಂದು ತಳ್ಳಿಹಾಕಲಾಗದು. ಒಂದು ಸಮಾಜದ ಮನಸ್ಸು ಯಾವಾಗ ಎತ್ತ ಹೊರಳಿತೆಂಬುದಕ್ಕೆ ಅವು ಸಾಕ್ಷಿ. ಬೇಸಾಯಗಾರರ ಮಕ್ಕಳಿಗಾಗಿ 1928ರಲ್ಲಿ ಆರಂಭವಾದ ಭಾವೀ ರೈತರ ಸಂಘವು ತನ್ನ ರಾಷ್ಟ್ರಮಟ್ಟದ ಸದಸ್ಯತ್ವವನ್ನು ಹುಡುಗಿಯರಿಗೆ ತೆರೆದುದು 1969ರಲ್ಲಿ. ಹೊಲದಲ್ಲಿ ಅವರು ಅದಕ್ಕೆ ಮೊದಲೂ ದುಡಿಯುತ್ತಲೇ ಇದ್ದರು! ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದೆಂಬ ಕಾನೂನು 1972ರಲ್ಲಿ ಬಂದ ಮೇಲೆ ಶಾಲೆಗಳ ಆಟದ ಬಯಲಿನಲ್ಲಿ ಹುಡುಗಿಯರ ಸಂಖ್ಯೆ ಬೆಳೆಯಿತು. ದೂರದೋಟದ ಆ ಹುಡುಗಿಯ ಹೆಸರಿನ ಕೆಳಗಿನ ಸಾಲಿಗೆ ಹಿಂದಿನ ಒಂದು ತಲೆಮಾರಿನ ಹೋರಾಟವಿದೆ.

ಆದರೆ ಇದರ ಮತ್ತೊಂದು ಮುಖವನ್ನು ಅಲ್ಲಿನವರೇ ಕಂಡಿದ್ದಾರೆ. ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞನು ಇದೇ ಇಲಿನಾಯ್ ಸಂಸ್ಥಾನದ ಹತ್ತು ಹೈಸ್ಕೂಲುಗಳನ್ನು ಅಭ್ಯಾಸಮಾಡಿ 1961ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಶಾಲೆಯಲ್ಲಿ ನಿಮ್ಮನ್ನು ಏನೆಂದು ನೆನೆಯಬೇಕೆಂದು ಬಯಸುತ್ತೀರಿ ಎಂಬುದು ಅವನು ಮಕ್ಕಳಿಗೆ ಹಾಕಿದ ಒಂದು ಪ್ರಶ್ನೆ. ಹುಡುಗರಲ್ಲಿ ಅತಿ ಹೆಚ್ಚು ಮಂದಿ ಆಟದ ವೀರನಾಗಿ ಎಂದರು. ಹುಡುಗಿಯರಲ್ಲಿ ಹೆಚ್ಚಿನವರು ಚಟುವಟಿಕೆಗಳ ಮುಂದಾಳಾಗಿ, ಇಲ್ಲವೆ ಎಲ್ಲರಿಗೂ ಬೇಕಾದವಳಾಗಿ ಎಂದರು. ಜಾಣ ವಿದ್ಯಾರ್ಥಿಯೆಂಬ ಹೆಸರಿಗೆ ಆಸೆಪಟ್ಟವರು ಕಡಮೆ. ಕೋಲ್ಮನ್ನನಿಗೆ ಇದು ಚಿಂತೆಯ ವಿಷಯವಾಯಿತು. ಈಚೆಗೆ ಇನ್ನೊಂದು ಚಿಂತೆಯೂ ಸೇರಿಕೊಂಡಿದೆ. ಅನೇಕ ಕಾಲೇಜುಗಳು ಒಪ್ಪುವ ಸಾಮಾನ್ಯ ಅರ್ಜಿಯೊಂದರಲ್ಲಿ ಪಾಠೇತರ ಚಟುವಟಿಕೆಗಳನ್ನು ಬರೆಯುವುದಕ್ಕೆ ಹತ್ತು ಸ್ಥಾನಗಳಿವೆ. ಹತ್ತು ಸ್ಥಾನವೆಂದರೆ ಹತ್ತನ್ನೂ ತುಂಬಬೇಕೆಂದು ತಂದೆತಾಯಿಗಳಿಗೆ ಅನಿಸದಿರುತ್ತದೆಯೆ?

"ಎಂಟು ತುಂಬುವಷ್ಟರಲ್ಲಿ ನಮ್ಮ ಮನೆಯಲ್ಲಿ ನಿದ್ದೆ ಇರಲಿಲ್ಲ ಕಣೋ" ಎಂದನು ಸ್ನೇಹಿತ. ಮಗಳು ನಕ್ಕು, "ಅಪ್ಪಾ, ಅದರಲ್ಲಿ ಮೂರು ನಿನ್ನವು" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಅಂಕಲ್, ನಿಮ್ಮ ಇಯರ್‌ಬುಕ್ ಎಲ್ಲಿ?"

ಬೀರುವಿನಿಂದ ತೆಗೆದು ತೋರಿಸಿದೆ. 1995ರ ಗುಂಪು ಭಾವಚಿತ್ರ. ಬಣ್ಣವೆಲ್ಲ ಮಾಸಿ ಎಲ್ಲರೂ ಅರಿಸಿನ ಮೆತ್ತಿಕೊಂಡವರಂತೆ ಕಾಣುತ್ತೇವೆ. ಕುರ್ಚಿಗಳ ಮೇಲೆ ಉಪಾಧ್ಯಾಯರು, ನೆಲದ ಮೇಲೆ ಹುಡುಗಿಯರು, ಹಿಂದೆ ಮೂರು ಸಾಲು ಹುಡುಗರು. ಹೆಸರುಗಳಿಲ್ಲ. ನಮ್ಮಲ್ಲಿ ಹೆಸರಿನ ಕೆಳಗೆ ಒಂದು ಸಾಲು ಬರೆಯುವ ಪದ್ಧತಿಯೇ ಇಲ್ಲವೆಂದಲ್ಲ, ಟಿ.ಸಿ.ಯಲ್ಲಿ ಬರೆಯುತ್ತಾರೆ. ಪ್ರತಿ ವರ್ಷವೂ ಪ್ರವೇಶದ ದಿನಗಳಲ್ಲಿ ಕಾಲೇಜಿನ ಮೇಜಿನ ಮುಂದೆ ಕುಳಿತು ನೂರಾರು ಟಿ.ಸಿ.ಗಳನ್ನು ನೋಡುವ ನಾನು ಆ ಸಾಲನ್ನು ಕಣ್ಣುಮುಚ್ಚಿ ಹೇಳಬಲ್ಲೆ. ನಡತೆ: ತೃಪ್ತಿಕರ. ಹಾಡುವವನದೂ ತೃಪ್ತಿಕರ, ಓಡುವವಳದೂ ತೃಪ್ತಿಕರ.

ಕುವೆಂಪು ಅವರು ಮೈಸೂರಿನಲ್ಲಿ ಹೈಸ್ಕೂಲು ಹುಡುಗನಾಗಿದ್ದಾಗಲೇ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ ಅವುಗಳ ಪುಟ್ಟ ಸಂಕಲನವೂ ಅಚ್ಚಾಯಿತು. ಮುಂದೆ ಐರಿಷ್ ಕವಿ ಜೇಮ್ಸ್ ಕಸಿನ್ಸರು ಅವರ ಪದ್ಯಗಳನ್ನು ನೋಡಿ, ನಿನ್ನ ನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿದ ಸಂಗತಿ ಕನ್ನಡಿಗರಿಗೆಲ್ಲ ಗೊತ್ತು. ಆ ಹುಡುಗನಿಗೆ ಗಣಿತದಲ್ಲಿ ಎಷ್ಟು ಬಂದಿತ್ತೆಂದು ಇಂದು ಯಾರೂ ಕೇಳುವುದಿಲ್ಲ.

ನಮ್ಮ ಶಾಲೆಯಲ್ಲಿಯೂ ಸಂಘಗಳಿದ್ದವು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಪರಂಪರೆಯ ಭಾರತ ಸೇವಾದಳವಿತ್ತು. ಆಗಸ್ಟ್ ಹದಿನೈದರ ಹಿಂದಿನ ರಾತ್ರಿ ಬಿಳಿಯ ಟೋಪಿಗೆ ಇಸ್ತ್ರಿ ಮಾಡಲು ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬುತ್ತಿದ್ದೆವು. ಕನ್ನಡ ಸಂಘದಿಂದ ಕೈಬರಹದ ಪತ್ರಿಕೆ ಹೊರಡುತ್ತಿತ್ತು. ಒಂದೇ ಪ್ರತಿ; ಸಂಪಾದಕನು ನಾನು; ಓದುಗರು ಮುಖ್ಯೋಪಾಧ್ಯಾಯರೊಬ್ಬರೇ. ಹುಡುಗಿಯರಿಗೆ ಥ್ರೋಬಾಲ್ ಇತ್ತು. ಆದರೆ ಶಾಲೆಯ ಉಸಿರಿದ್ದುದು ಖೋ ಖೋ ಆಟದಲ್ಲಿ.

ಈ ಆಟಕ್ಕೆ ಎರಡು ಕಂಬಗಳೂ ಒಂದಿಷ್ಟು ಸುಣ್ಣದ ಪುಡಿಯೂ ಸಾಕು. ಎಂಟು ಮಂದಿ ಒಬ್ಬರು ಆ ಕಡೆಗೆ ಇನ್ನೊಬ್ಬರು ಈ ಕಡೆಗೆ ಮುಖಮಾಡಿ ಸಾಲಾಗಿ ಕುಳಿತಿರುತ್ತಾರೆ, ಒಂಬತ್ತನೆಯವನು ಅಟ್ಟುತ್ತಾನೆ. ಓಡುವವನು ಕುಳಿತವರ ನಡುವೆ ನುಸುಳಬಹುದು. ಅಟ್ಟುವವನು ನುಸುಳಲಾಗದು, ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗಲೂ ಆಗದು. ಅವನು ತಿರುಗಬಹುದಾದ ಸ್ಥಳವೆಂದರೆ ಕಂಬ. ನಮ್ಮ ತರಗತಿಯಲ್ಲಿ ಒಬ್ಬನಿದ್ದನು. ಕಂಬವನ್ನು ಒಂದು ಕೈಯಲ್ಲಿ ಹಿಡಿದು ಮೈಯನ್ನು ನೆಲಕ್ಕೆ ಸಮವಾಗಿ ಚಾಚಿ ಅವನು ಹಾರಿದರೆ, ತಪ್ಪಿಸಿಕೊಂಡೆನೆಂದು ನಗುತ್ತಿದ್ದವನ ಬೆನ್ನಿಗೆ ಅವನ ಬೆರಳು ತಗುಲುತ್ತಿತ್ತು. ಮೊಣಕೈ ಸದಾ ತರಚಿರುತ್ತಿತ್ತು. ತರಗತಿಯೊಳಗೆ ಬಾಯಿ ಬಿಡದ ಹುಡುಗ. ಬಯಲಿನಲ್ಲಿ ಅವನ 'ಖೋ' ಎಂಬ ಕೂಗು ರಸ್ತೆಯವರೆಗೆ ಕೇಳುತ್ತಿತ್ತು.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ, ಹಿಂದುಳಿದವರ ಪಟ್ಟಿಯೊಂದನ್ನು ಕೊಡುವಂತೆ ತರಗತಿಯ ನಾಯಕನಿಗೆ ಅಪ್ಪಣೆಯಾಯಿತು. ನಾಯಕನೂ ನಾನೇ. ದುಂಡಾದ ಅಕ್ಷರದಲ್ಲಿ ಬರೆದುಕೊಟ್ಟೆ. ಮೊದಲ ಹೆಸರು ಅವನದು. ಪಟ್ಟಿಯಲ್ಲಿದ್ದವರಿಗೆ ಪರೀಕ್ಷೆ ಮುಗಿಯುವವರೆಗೆ ಆಟ ನಿಷಿದ್ಧವಾಯಿತು. ಆಟ ಬಿಡಿಸಿದರೆ ಓದುತ್ತಾನೆಂಬುದು ಹಿರಿಯರ ತರ್ಕ. ಅವನು ಆಟವನ್ನು ಬಿಟ್ಟನು, ಓದಲಿಲ್ಲ. ಜನವರಿಯ ಹೊತ್ತಿಗೆ ವಾರಕ್ಕೆ ಎರಡು ದಿನ ಬರುತ್ತಿದ್ದನು. ಅವನು ಶಾಲೆಗೆ ಬರುವುದಕ್ಕೆ ಇದ್ದ ಕಾರಣವನ್ನೇ ನಾವು ತೆಗೆದುಹಾಕಿದ್ದೆವೆಂಬುದು ನನಗೆ ತಿಳಿಯುವುದಕ್ಕೆ ನಾನೂ ಉಪಾಧ್ಯಾಯನಾಗಬೇಕಾಯಿತು. ಇಂಗ್ಲಿಷಿನಲ್ಲಿಯೂ ಗಣಿತದಲ್ಲಿಯೂ ತೇರ್ಗಡೆಯಾಗಲಿಲ್ಲ. ಲಾರಿಯ ಕ್ಲೀನರಾಗಿ ಹೋದನೆಂದು ಯಾರೋ ಹೇಳಿದರು. ಅಷ್ಟೇ.

ಇಂದಿಗೂ ಹತ್ತನೆಯ ತರಗತಿಗೆ ಕಾಲಿಟ್ಟ ಮಕ್ಕಳಿಂದ ಮೊದಲು ಕಿತ್ತುಕೊಳ್ಳುವುದು ಚೆಂಡನ್ನು. ಆಮೇಲೆ ಹಾಡು, ಆಮೇಲೆ ಚಿತ್ರ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಪಡೆದ ಹುಡುಗಿಯರೇ ಮರುವರ್ಷ ನನ್ನ ತರಗತಿಯಲ್ಲಿ ಕುಳಿತಾಗ, ನೀನು ಏನು ಮಾಡಬಲ್ಲೆಯಮ್ಮ ಎಂದರೆ ಶೇಕಡಾ ಇಷ್ಟು ಎಂದು ಉತ್ತರ ಕೊಡುತ್ತಾರೆ. ಕೋಲ್ಮನ್ನನು ನಮ್ಮಲ್ಲಿಗೆ ಬಂದಿದ್ದರೆ ಅವನ ಚಿಂತೆ ತಲೆಕೆಳಗಾಗುತ್ತಿತ್ತು.

ಇಷ್ಟನ್ನು ಕೇಳಿದ ಹುಡುಗಿ ಮಾತನಾಡದೆ ಒಂದು ಪೆನ್ಸಿಲನ್ನು ಕೇಳಿದಳು. ಭಾವಚಿತ್ರದ ಹಿಂಬದಿಗೆ ಅಂಟಿಸಲು ಒಂದು ಬಿಳಿಯ ಹಾಳೆಯನ್ನೂ ತೆಗೆದುಕೊಂಡಳು. ನಾವಿಬ್ಬರೂ ಎಡದಿಂದ ಬಲಕ್ಕೆ ಹೇಳುತ್ತ ಹೋದೆವು. ಇವನು ಗಂಟೆ ಬಾರಿಸುತ್ತಿದ್ದವನು. ಇವಳು ಕರಿಹಲಗೆಯ ಮೇಲೆ ಸುಭಾಷಿತ ಬರೆಯುತ್ತಿದ್ದವಳು. ಇವನು ಉಪಾಧ್ಯಾಯರೆಲ್ಲರ ನಡಿಗೆಯನ್ನೂ ನಡೆದು ತೋರಿಸುತ್ತಿದ್ದವನು. 625ಕ್ಕೆ ಯಾರಿಗೆ ಎಷ್ಟು ಬಂದಿತ್ತೆಂಬುದು ಇಬ್ಬರಿಗೂ ನೆನಪಿರಲಿಲ್ಲ. ನನ್ನದು ಮಾತ್ರ ಸ್ನೇಹಿತನಿಗೂ, ಅವನದು ನನಗೂ ಸ್ಪಷ್ಟವಾಗಿ ನೆನಪಿತ್ತು! ಕಂಬದ ಹುಡುಗನು ಮಧ್ಯದ ಸಾಲಿನಲ್ಲಿದ್ದಾನೆ, ಕೈಕಟ್ಟಿಕೊಂಡು. ಅವನ ಸಾಲನ್ನು ನಾನೇ ಬರೆದೆ.

ಕೊನೆಯ ಸಾಲಿನ ಬಲತುದಿಯಲ್ಲಿ ಒಬ್ಬನು ಉಳಿದನು. ತೆಳ್ಳನೆಯ ಮುಖ, ಎಣ್ಣೆ ಹಾಕಿ ಬಾಚಿದ ತಲೆ. ಹೆಸರು ಹೊಳೆಯಲಿಲ್ಲ. ಎಲ್ಲಿ ಕೂರುತ್ತಿದ್ದನೆಂಬುದೂ ಹೊಳೆಯಲಿಲ್ಲ. ತಮ್ಮ ಪುಸ್ತಕದಲ್ಲಿ ಚಿತ್ರ ಸಿಗದವರ ಹೆಸರುಗಳಿಗೆಂದು ಬೇರೆಯೇ ಒಂದು ಪಟ್ಟಿಯಿದೆಯೆಂದು ಹುಡುಗಿ ಹೇಳಿದಳು; ಚಿತ್ರವಿದ್ದು ಹೆಸರಿಲ್ಲದವರಿಗೆ ಏನಿದೆಯೋ ಅವಳಿಗೂ ತಿಳಿಯದು. ಮಳೆ ನಿಂತಿತ್ತು. ಹೊರಟು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದ ಸ್ನೇಹಿತನು ತಟ್ಟನೆ ನಿಂತು, "ಲೋ, ಅವನು ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನಲ್ಲವೇನೋ?" ಎಂದನು. ಇರಬಹುದು. ಹಾಗೆಂದೇ ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ.