ಹೆಜ್ಜೆಯ ತಾಳಕ್ಕೆ ಕುಸಿದ ಸೇತುವೆ

ಗಾಯಕನೊಬ್ಬನು ತಾರಸ್ಥಾಯಿಯಲ್ಲಿ ಸ್ವರವೆತ್ತಿದೊಡನೆ ಎದುರಿಗಿದ್ದ ಗಾಜಿನ ಪಾನಪಾತ್ರೆ ಒಡೆದು ಚೂರಾಯಿತೆಂದು ಕಥೆಗಳಲ್ಲಿ ಓದುತ್ತೇವೆ. ಇದು ಬರಿಯ ಕಲ್ಪನೆಯೇ? ಅಲ್ಲ. 2005ರಲ್ಲಿ ಅಮೆರಿಕದ ಗಾಯಕ ಜೇಮೀ ವೆಂಡೆರಾ ಅವರು ಟೆಲಿವಿಷನ್ ಕ್ಯಾಮೆರಾದ ಎದುರಿನಲ್ಲಿ, ಧ್ವನಿವರ್ಧಕದ ನೆರವಿಲ್ಲದೆ, ಕಂಠಮಾತ್ರದಿಂದ ಇದನ್ನು ಸಾಧಿಸಿ ತೋರಿಸಿದರು.

ಇದರ ಮರ್ಮವನ್ನು ಅರಿಯಲು ಮನೆಯ ಉಯ್ಯಾಲೆಯೇ ಸಾಕು. ಅದು ತೂಗುವುದು ತನ್ನದೇ ಆದ ಲಯದಲ್ಲಿ. ಆ ಲಯವನ್ನನುಸರಿಸಿ ಬೆರಳ ತುದಿಯಿಂದ ನೂಕುತ್ತ ಬಂದರೂ ಅದು ಮೇಲಮೇಲಕ್ಕೆ ಏರುತ್ತದೆ. ಲಯ ತಪ್ಪಿ ನೂಕಿದರೆ ಶ್ರಮವೆಲ್ಲ ವ್ಯರ್ಥ. ಗಾಜಿಗೂ ಕಬ್ಬಿಣಕ್ಕೂ ಇಂತಹ ಸ್ವಾಭಾವಿಕ ಕಂಪನವುಂಟು. ಹೊರಗಿನ ಪ್ರೇರಣೆ ಅದಕ್ಕೆ ಹೊಂದಿಕೊಂಡಾಗ ಅಲ್ಪ ಬಲಗಳೂ ಒಂದರ ಮೇಲೊಂದು ಕೂಡಿ ಕಂಪನವು ಹಿಗ್ಗುತ್ತದೆ. ಇದೇ ಅನುರಣನೆ. ತಂಬೂರಿಯ ಒಂದು ತಂತಿಯನ್ನು ಮೀಟಿದಾಗ ಅದೇ ಶ್ರುತಿಯ ಮತ್ತೊಂದು ತಂತಿ ತಾನಾಗಿ ಮಿಡಿಯುವುದೂ ಇದರಿಂದಲೇ.

ತೆಳುವಾದ ಪಾನಪಾತ್ರೆಯ ಅಂಚನ್ನು ಒದ್ದೆ ಬೆರಳಿನಿಂದ ಸವರಿದರೆ ಇಂಪಾದ ನಾದವೊಂದು ಹೊರಡುತ್ತದೆ. ಅದೇ ಆ ಪಾತ್ರೆಯ ಸ್ವಂತ ಸ್ವರ. ಆಗ ಅದರ ಅಂಚು ಸೆಕೆಂಡಿಗೆ ನೂರಾರು ಬಾರಿ ಬಾಗಿ ಮರಳುತ್ತಿರುತ್ತದೆ. ಗಾಯಕನು ಅದೇ ಸ್ವರವನ್ನು ಎಳ್ಳಷ್ಟೂ ಕದಲದಂತೆ, ಬಹು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರೆ ಬಾಗುವಿಕೆ ಗಾಜಿನ ಮಿತಿಯನ್ನು ಮೀರುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದೆಡೆಯಲ್ಲಿ ಅದು ಸೀಳುತ್ತದೆ. ದಪ್ಪನೆಯ ಲೋಟವಾದರೋ ಇದಕ್ಕೆ ಜಗ್ಗುವುದಿಲ್ಲ.

ಸೈನಿಕರ ಲಯ

ಒಡೆದದ್ದು ಪಾನಪಾತ್ರೆಯಾದರೆ ವಿನೋದ; ಸೇತುವೆಯಾದರೆ?

1831ರ ಏಪ್ರಿಲ್ 12ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ, ಬ್ರೌಟನ್ ತೂಗುಸೇತುವೆಯ ಮೇಲೆ 74 ಮಂದಿ ಸೈನಿಕರು ಸಾಲಾಗಿ ನಡೆದು ಬರುತ್ತಿದ್ದರು. ಹೆಜ್ಜೆಗೆ ಸರಿಯಾಗಿ ಸೇತುವೆ ಕುಣಿಯತೊಡಗಿತು. ಅವರಿಗೆ ಅದು ಮೋಜೆನಿಸಿತು! ಸಿಳ್ಳಿನಲ್ಲಿ ಹಾಡು ನುಡಿಸುತ್ತ ಇನ್ನಷ್ಟು ಬಿರುಸಾಗಿ ತಾಳ ಹಾಕಿದರು. ಒಡನೆಯೇ ಸೇತುವೆಯ ಒಂದು ತುದಿ ಕುಸಿದು ಸುಮಾರು 40 ಮಂದಿ ನದಿಗೆ ಬಿದ್ದರು. ನೀರು ಆಳವಿರಲಿಲ್ಲವಾಗಿ ಯಾರೂ ಸಾಯಲಿಲ್ಲ, ಹಲವರು ಗಾಯಗೊಂಡರು. ಸರಪಳಿಯ ಬೋಲ್ಟು ಮೊದಲೇ ದುರ್ಬಲವಾಗಿತ್ತೆಂದು ವಿಚಾರಣೆಯಿಂದ ತಿಳಿದುಬಂದಿತು. ಅಂದಿನಿಂದ ಸೇತುವೆ ದಾಟುವಾಗ ಹೆಜ್ಜೆ ಮುರಿದು ನಡೆಯಬೇಕೆಂಬ ಆಜ್ಞೆ ಬ್ರಿಟಿಷ್ ಸೈನ್ಯದಲ್ಲಿ ರೂಢಿಗೆ ಬಂದಿತು.

ಆದರೆ ಆಜ್ಞೆಯೊಂದೇ ಸಾಲದು. 1850ರ ಏಪ್ರಿಲ್ 16ರಂದು ಫ್ರಾನ್ಸಿನ ಆಂಜೇ ನಗರದಲ್ಲಿ ಬಿರುಗಾಳಿ ಬೀಸುತ್ತಿದ್ದಾಗ ಸೇನೆಯ ತುಕಡಿಯೊಂದು ತೂಗುಸೇತುವೆಯನ್ನೇರಿತು. ಹೆಜ್ಜೆ ಮುರಿದು ನಡೆಯುವಂತೆ ಅಪ್ಪಣೆಯಾಗಿತ್ತು. ಆದರೂ ತೂಗಾಡುವ ಸೇತುವೆಯ ಮೇಲೆ ಸಮತೋಲ ಕಾಯ್ದುಕೊಳ್ಳಲು ಅವರು ಅರಿವಿಲ್ಲದೆಯೇ ಒಂದೇ ಲಯದಲ್ಲಿ ತೊನೆದರು. ತುಕ್ಕು ಹಿಡಿದಿದ್ದ ಕಬ್ಬಿಣದ ಹಗ್ಗಗಳು ಕಿತ್ತುಬಂದವು. 220ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು.

ಒಂದೂವರೆ ಶತಮಾನದ ಬಳಿಕ, 2000ದ ಜೂನ್ 10ರಂದು, ಲಂಡನ್ನಿನಲ್ಲಿ ತೆರೆದ ಮಿಲೆನಿಯಮ್ ಕಾಲ್ಸೇತುವೆಯ ಮೇಲೆ ಪಾದಚಾರಿಗಳು ಇದೇ ರೀತಿ ಓಲಾಡಿದರು. ಅದು ಮುರಿಯಲಿಲ್ಲ, ಆದರೂ ಮುಚ್ಚಿದರು. ಕಂಪನವನ್ನು ಹೀರಿಕೊಳ್ಳುವ ಸಾಧನಗಳನ್ನು ಅಳವಡಿಸಿ, 2002ರಲ್ಲಿ ಮತ್ತೆ ತೆರೆದರು.

ಎಂಜಿನಿಯರನು ಭಾರವನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ತಾನು ಕಟ್ಟಿದುದರ ಶ್ರುತಿಯನ್ನೂ ಬಲ್ಲವನಾಗಿರಬೇಕು. ತಂಬೂರಿಯಲ್ಲಿ ಇಂಪಾದ ನಿಯಮವೇ ಸೇತುವೆಯಲ್ಲಿ ಮೃತ್ಯುವಾಗಬಲ್ಲದು.