ಗೊಂಬೆಗೂ ಬೇಕು ಬೆನ್ನುಮೂಳೆ

ಮಕ್ಕಳೇ, ಅಜ್ಜನ ಬೆನ್ನ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ. ಕುತ್ತಿಗೆಯಿಂದ ಸೊಂಟದವರೆಗೆ ಸಾಲಾಗಿ ಗಂಟುಗಳು ಸಿಗುತ್ತವೆ. ಹುಟ್ಟುವಾಗ ನಮ್ಮ ಬೆನ್ನುಮೂಳೆಯಲ್ಲಿ 33 ಮಣಿಗಳಿರುತ್ತವೆ. ಬೆಳೆದಂತೆ ಕೆಳಗಿನ ಕೆಲವು ಬೆಸೆದುಕೊಂಡು 26 ಉಳಿಯುತ್ತವೆ. ಯಾವ ಮಣಿಯೂ ಒಂಟಿಯಾಗಿ ಹೆಚ್ಚು ಬಾಗುವುದಿಲ್ಲ. ಒಂದೊಂದೂ ಚೂರುಚೂರು ಬಾಗಿದ್ದೆಲ್ಲ ಕೂಡಿಯೇ ಬೆನ್ನು ಬಿಲ್ಲಿನಂತಾಗುತ್ತದೆ.

ಕಂಪ್ಯೂಟರಿನಲ್ಲಿ ಮಾಡಿದ ಸಿನಿಮಾದ ಹುಡುಗಿಗೂ ಹುಲಿಗೂ ಇಂಥದೇ ಬೆನ್ನುಮೂಳೆ ಬೇಕು. ಕಲಾವಿದರು ಮೊದಲು ಮಾಡುವ ಆಕೃತಿ ಗಣೇಶನ ಹಬ್ಬದ ಮೂರ್ತಿಯಂತೆ: ನೋಡಲು ಚೆಂದ, ಆದರೆ ಅಲುಗಾಡದು. ಅದರೊಳಗೆ ಎಲುಬು, ಕೀಲು ಜೋಡಿಸುವ ಕೆಲಸಕ್ಕೆ ‘ರಿಗ್ಗಿಂಗ್’ ಎನ್ನುತ್ತಾರೆ.

ಗೊಂಬೆಗೆ ಬೆನ್ನು ಕೊಡುವ ವಿದ್ಯೆ ನಮಗೆ ಹೊಸದಲ್ಲ. ತೊಗಲುಗೊಂಬೆಯ ನಡುವೆ ಸೀಳಿದ ಬಿದಿರುಕಡ್ಡಿ ಸಿಕ್ಕಿಸುತ್ತಾರಲ್ಲ, ಅದೇ ಅದರ ಬೆನ್ನು. ಈ ಕಲೆಗಾಗಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆದರೆ ಕಡ್ಡಿಯ ಬೆನ್ನು ಬಾಗದು. ಕಂಪ್ಯೂಟರಿನ ಗೊಂಬೆ ಬಾಗಬೇಕು, ತಿರುಗಬೇಕು, ಮೈ ಮುರಿಯಬೇಕು.

ಸೊಂಟದಲ್ಲಿ ಒಂದೇ ಕೀಲಿಟ್ಟರೆ ಗೊಂಬೆ ಅಡಕತ್ತರಿಯಂತೆ ಮಡಚುತ್ತದೆ. 26 ಇಟ್ಟರೆ ಆಡಿಸುವವರಿಗೆ ತಲೆನೋವು. ಹಾಗಾಗಿ ಮನುಷ್ಯನ ಆಕೃತಿಗೆ ಸಾಮಾನ್ಯವಾಗಿ ಮೂರರಿಂದ ಐದು ಕೀಲು ಸಾಕು ಎನ್ನುತ್ತಾರೆ. ಒಂದೊಂದು ಕೀಲನ್ನೂ ಕೆಳಗಿನಿಂದ ತಿರುಗಿಸುತ್ತ ಹೋಗುವುದು ಒಂದು ವಿಧಾನ. ಕೆಳಗಿನದು ತಿರುಗಿದರೆ ಮೇಲಿನವೆಲ್ಲ ಅದರ ಜೊತೆ ತಿರುಗುತ್ತವೆ.

ಎರಡನೆಯ ವಿಧಾನ ತಿಳಿಯಲು ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಬನ್ನಿ. ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ರೈಲಿನ ಡಬ್ಬಿ ಎಂದೂ ಬಾಗುವುದಿಲ್ಲ. ಆದರೂ ಹಳಿ ತಿರುಗಿದಲ್ಲಿ ಇಡೀ ರೈಲು ಹಾವಿನಂತೆ ತಿರುಗುತ್ತದೆ. ಗೊಂಬೆಯ ಒಳಗೂ ಹೀಗೇ ಒಂದು ‘ಹಳಿ’ ಎಳೆಯುತ್ತಾರೆ. ಎಲುಬುಗಳು ಅದರ ಮೇಲಿನ ಡಬ್ಬಿಗಳು. ಸೊಂಟ ಮತ್ತು ಎದೆಯ ಹಿಡಿಕೆಗಳನ್ನು ಸರಿಸಿದರೆ ಹಳಿ ಬಾಗುತ್ತದೆ, ಎಲುಬುಗಳು ಹಿಂಬಾಲಿಸುತ್ತವೆ. ಹಾವಿಗೆ, ಆನೆಯ ಸೊಂಡಿಲಿಗೆ, ಬೆಕ್ಕಿನ ಬಾಲಕ್ಕೆ ಇದೇ ಉಪಾಯ.

ಇನ್ನು ಚರ್ಮ. ಅದರ ಒಂದೊಂದು ಚುಕ್ಕೆಯೂ ಯಾವ ಎಲುಬಿನ ಮಾತು ಎಷ್ಟು ಕೇಳಬೇಕೆಂದು ಪಾಲು ಹಂಚುತ್ತಾರೆ: ಕೆಳಗಿನದಕ್ಕೆ 60, ಮೇಲಿನದಕ್ಕೆ 40. ಕೂಡಿದರೆ 100 ಆಗಲೇಬೇಕು. ನಮ್ಮ ಬ್ಯಾಂಕಿನ ಲೆಕ್ಕದಂತೆ ಇದೂ ಟ್ಯಾಲಿ ಆಗದಿದ್ದರೆ ಹೊಟ್ಟೆ ಎಲ್ಲೋ, ಬೆನ್ನು ಎಲ್ಲೋ!

2016ರ ‘ದಿ ಜಂಗಲ್ ಬುಕ್’ ಸಿನಿಮಾದ ಹುಲಿ ಶೇರ್ ಖಾನ್‌ನನ್ನು ನೋಡಿದ್ದೀರಾ? ಎಂಪಿಸಿ ಸಂಸ್ಥೆಯ ಲಂಡನ್ ಮತ್ತು ಬೆಂಗಳೂರಿನ ಕಲಾವಿದರು ಆ ಸಿನಿಮಾಕ್ಕೆ ದುಡಿದರು. ದೃಶ್ಯ ಪರಿಣಾಮಕ್ಕೆ ಅದಕ್ಕೆ ಆಸ್ಕರ್ ಬಂತು. ಆದರೆ 2025ರ ಫೆಬ್ರವರಿಯಲ್ಲಿ ಎಂಪಿಸಿಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಕಂಪನಿ ಕುಸಿದು ಬಿತ್ತು. ನಮ್ಮ ದೇಶದಲ್ಲೇ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಹುಲಿಯ ಹೆಸರು ಮಕ್ಕಳಿಗೆಲ್ಲ ಗೊತ್ತು, ಅದಕ್ಕೆ ಬೆನ್ನು ಕೊಟ್ಟವರು ಯಾರಿಗೂ ಗೊತ್ತಿಲ್ಲ. ಬೆನ್ನುಮೂಳೆಯ ಕೆಲಸವೇ ಹಾಗೆ: ನೆಟ್ಟಗಿದ್ದಷ್ಟು ದಿನ ಯಾರೂ ನೆನೆಯುವುದಿಲ್ಲ. ಅಜ್ಜ-ಅಜ್ಜಿಯರನ್ನು ಕೇಳಿ, ಹೇಳುತ್ತಾರೆ!

ಕಂಪನಿ ಮುಚ್ಚಿದರೂ ವಿದ್ಯೆ ಮುಚ್ಚುವುದಿಲ್ಲ. ಬ್ಲೆಂಡರ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕಂಪ್ಯೂಟರ್ ಇಲ್ಲದವರು ಎಳನೀರು ಕುಡಿದ ಸ್ಟ್ರಾ ತೊಳೆದಿಟ್ಟುಕೊಳ್ಳಿ. ಅದನ್ನು ಎರಡು ತುಂಡು ಮಾಡಿ ದಾರಕ್ಕೆ ಪೋಣಿಸಿ ಬಾಗಿಸಿ. ಆಮೇಲೆ ಇನ್ನೊಂದನ್ನು ಐದು ತುಂಡು ಮಾಡಿ ಪೋಣಿಸಿ. ಯಾವುದು ಹಾವು, ಯಾವುದು ಅಡಕತ್ತರಿ ಎಂದು ಅಜ್ಜನಿಗೆ ತೋರಿಸಿ ಕೇಳಿ.