ಮುಂಬಯಿಯಲ್ಲಿ ಮನೆ ಕಟ್ಟಲು ಪರವಾನಿಗೆ ಕೊಡುವವರು ಯಾರು?

ಉಡುಪಿ, ಕುಂದಾಪುರ, ಕಾರ್ಕಳಗಳ ಕಡೆಯಿಂದ ಬಂದು ಹೋಟೆಲಿನ ಅಡಿಗೆಮನೆಯಲ್ಲಿಯೋ ಆಫೀಸಿನ ಮೇಜಿನ ಮುಂದೆಯೋ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ನಮ್ಮವನೊಬ್ಬನು ಈ ಸೀಮೆಯಲ್ಲಿ ತನ್ನದೆಂದು ಕೊಳ್ಳುವ ದೊಡ್ಡ ವಸ್ತು ಸಾಮಾನ್ಯವಾಗಿ ಒಂದೇ. ಅದು ಒಂದು ಖೋಲಿ. ಅದಕ್ಕಾಗಿ ಊರಿನ ಗದ್ದೆ ಅಡವಿಗೆ ಬೀಳುತ್ತದೆ, ಹೆಂಡತಿಯ ಬಂಗಾರ ಪೇಟೆಗೆ ಹೋಗುತ್ತದೆ, ಪ್ರಾವಿಡೆಂಟ್ ಫಂಡಿನ ಹಣ ಅವಧಿಗೆ ಮುಂಚೆಯೇ ಹೊರಬರುತ್ತದೆ. ಆ ಹೊತ್ತಿಗೆ ಬಿಲ್ಡರನ ಗುಮಾಸ್ತನು ಹೇಳುವ ಮಾತು ಎರಡೇ ಶಬ್ದಗಳದ್ದು: "ಪ್ಲಾನ್ ಪಾಸಾಗಿದೆ." ಪಾಸು ಮಾಡಿದವರು ಯಾರು, ಎಷ್ಟು ಅಂತಸ್ತಿಗೆ, ಯಾವ ಷರತ್ತಿನ ಮೇಲೆ ಎಂಬ ವಿಚಾರಣೆಯನ್ನು ನಮ್ಮಲ್ಲಿ ಬಹುಮಂದಿ ಮಾಡುವುದಿಲ್ಲ. ಹಾಗೆ ಮಾಡದಿರುವುದರ ಫಲವೇನೆಂಬುದನ್ನು ಇತ್ತೀಚಿನ ವರ್ಷಗಳು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ.

2024ರ ನವೆಂಬರ್ ತಿಂಗಳಲ್ಲಿ ಮುಂಬಯಿ ಹೈಕೋರ್ಟು ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಬೇಕೆಂದು ಆಜ್ಞೆಯಿತ್ತಿತು. ಅವುಗಳ ಪರವಾನಿಗೆ ಪತ್ರಗಳು ಖೋಟಾ ಎಂದು ಕಂಡುಬಂದಿತ್ತು. ಅದೇ ಸುಮಾರಿಗೆ ನಾಲಾಸೋಪಾರಾದಲ್ಲಿ, ಗಟಾರದ ನೀರನ್ನು ಶುದ್ಧಗೊಳಿಸುವ ಸ್ಥಾವರಕ್ಕೂ ಕಸ ಸುರಿಯುವುದಕ್ಕೂ ಮೀಸಲಿಟ್ಟಿದ್ದ ಭೂಮಿಯಲ್ಲಿ ಎದ್ದುನಿಂತಿದ್ದ 41 ಕಟ್ಟಡಗಳನ್ನು ನ್ಯಾಯಾಲಯದ ಆಜ್ಞೆಯಂತೆ ಕೆಡವಲಾಯಿತು. 2025ರ ಆರಂಭದಲ್ಲಿ ಆ ಕೆಲಸ ಮುಗಿಯಿತು. ಅಲ್ಲಿ ವಾಸವಿದ್ದವರು ಸಾಮಾನ್ಯ ಕೆಲಸಗಾರರು. ಹಣ ಕೊಟ್ಟಿದ್ದರು, ಕರಾರುಪತ್ರ ಮಾಡಿಸಿದ್ದರು, ವಿದ್ಯುತ್ ಬಿಲ್ಲು ತೆತ್ತಿದ್ದರು. ಮಳೆಗಾಲದಲ್ಲಿ ಹೋಟೆಲಿನ ಮುಂದೆ ತಾಡಪತ್ರಿ ಕಟ್ಟಿದ ಮಾಲಿಕನಿಗೆ ಮರುದಿನವೇ ನೋಟೀಸು ಬರುವ ಈ ಸೀಮೆಯಲ್ಲಿ, ನಾಲ್ಕಾರು ಅಂತಸ್ತಿನ ಕಟ್ಟಡವೊಂದು ಯಾರ ಕಣ್ಣಿಗೂ ಬೀಳದೆ ಏಳಬಲ್ಲುದೆಂಬುದು ಸೋಜಿಗವೇ ಸರಿ. ಆದರೆ ಆ ಸೋಜಿಗವನ್ನು ಬಿಡಿಸುವುದು ಪ್ರಕೃತ ನಮ್ಮ ಉದ್ದೇಶವಲ್ಲ. ಸಕ್ರಮವಾದ ಪರವಾನಿಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದವನಿಗೆ ಖೋಟಾ ಪರವಾನಿಗೆಯ ಗುರುತು ಸುಲಭವಾಗಿ ಸಿಕ್ಕುವುದಾದ್ದರಿಂದ ಇಷ್ಟನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಕಟ್ಟಡದ ಅರ್ಜಿ ಕಾರ್ಪೊರೇಶನ್ನಿನ ಸಭೆಗೆ ಹೋಗುತ್ತದೆ, ಅಲ್ಲಿ ಕಾರ್ಪೊರೇಟರರು ಕೈಯೆತ್ತಿ ಮಂಜೂರು ಮಾಡುತ್ತಾರೆ ಎಂದು ತಿಳಿದವರು ಅನೇಕರಿದ್ದಾರೆ. ಇಂಗ್ಲೆಂಡಿನಲ್ಲಿ ಹಾಗುಂಟು. ಅಲ್ಲಿ ಅರ್ಜಿ ಬಂದೊಡನೆ ಸ್ಥಳೀಯ ಕೌನ್ಸಿಲು ಅದನ್ನು ಪ್ರಕಟಿಸಿ, ನೆರೆಹೊರೆಯವರಿಗೆ ಆಕ್ಷೇಪಿಸಲು 21 ದಿವಸಗಳ ಅವಕಾಶ ಕೊಡುತ್ತದೆ. ವಿವಾದದ ಅರ್ಜಿಗಳು ಸಾಮಾನ್ಯವಾಗಿ ಚುನಾಯಿತ ಸದಸ್ಯರ ಸಮಿತಿಯ ಮುಂದೆ ಬಂದು ಮತಕ್ಕೆ ಬೀಳುತ್ತವೆ. ಮುಂಬಯಿಯ ಕಾರ್ಪೊರೇಶನ್ನಿಗೆ ಆಧಾರವಾದ 1888ರ ಕಾಯಿದೆ ಬ್ರಿಟಿಷರ ಕಾಲದ್ದೇ ಆದರೂ ಅದು ಈ ಅಧಿಕಾರವನ್ನು ಇಟ್ಟದ್ದು ಕಮಿಷನರರ ಕೈಯಲ್ಲಿ. ಕಮಿಷನರರು ರಾಜ್ಯ ಸರಕಾರದಿಂದ ನೇಮಕವಾದ ಅಧಿಕಾರಿ. ಅವರ ಪರವಾಗಿ ಕಟ್ಟಡ ಪ್ರಸ್ತಾವ ವಿಭಾಗದ ಇಂಜಿನಿಯರರು ನಿರ್ಣಯಿಸುತ್ತಾರೆ. 2022ರ ಮಾರ್ಚ್ 7ರಂದು ಕಾರ್ಪೊರೇಶನ್ನಿನ ಚುನಾಯಿತ ಸಭೆಯ ಅವಧಿ ಮುಗಿದು, ಮುಂದೆ ಮೂರು ವರ್ಷಕ್ಕೂ ಮೇಲ್ಪಟ್ಟು ಮುಂಬಯಿಗೆ ಒಬ್ಬ ಕಾರ್ಪೊರೇಟರನೂ ಇರಲಿಲ್ಲ. ಆ ಅವಧಿಯಲ್ಲಿ ಗೋಪುರಗಳು ಏಳುವುದು ನಿಂತಿತೇ? ಇಲ್ಲ. ಅಷ್ಟರಿಂದಲೇ ಅಧಿಕಾರ ಎಲ್ಲಿದೆಯೆಂಬುದು ವಾಚಕರಿಗೆ ಗೊತ್ತಾಗುವಂತಿದೆ.

ಹಾಗಾದರೆ ಜನರ ಮಾತಿಗೆ ಎಡೆಯೇ ಇಲ್ಲವೋ? ಉಂಟು, ಆದರೆ ಅದು ಕಟ್ಟಡದ ಹೊತ್ತಿನಲ್ಲಿ ಅಲ್ಲ, ಅದಕ್ಕೆ ಬಹು ಮೊದಲು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ ಮೇರೆಗೆ ಪ್ರತಿಯೊಂದು ನಗರವೂ ವಿಕಾಸ ಯೋಜನೆಯೊಂದನ್ನು ಮಾಡಬೇಕು. ಯಾವ ಭೂಮಿ ವಾಸಕ್ಕೆ, ಯಾವುದು ಕಾರಖಾನೆಗೆ, ಯಾವುದು ಶಾಲೆ, ಆಸ್ಪತ್ರೆ, ಮೈದಾನಗಳಿಗೆ ಮೀಸಲು ಎಂಬುದು ಅದರ ನಕಾಶೆಗಳಲ್ಲಿ ಬಣ್ಣ ಬಣ್ಣವಾಗಿ ಕಾಣುತ್ತದೆ. ಕರಡು ನಕಾಶೆಯನ್ನು ಪ್ರಕಟಿಸಿ ಆಕ್ಷೇಪಗಳನ್ನು ಕರೆಯಬೇಕು; ಅವನ್ನು ಆಲಿಸಿದ ಮೇಲೆ ಕಾರ್ಪೊರೇಶನ್ನಿನ ಸಭೆ ಅದನ್ನು ಸರಕಾರಕ್ಕೆ ಕಳುಹಿಸಬೇಕು; ಸರಕಾರ ಮಂಜೂರು ಮಾಡಬೇಕು. ಕಾರ್ಪೊರೇಟರರ ಮತಕ್ಕೆ ಬೆಲೆಯಿರುವುದು ಇಲ್ಲಿ, ಮತ್ತು ಮಂಜೂರಾದ ಯೋಜನೆಯನ್ನು ಮುಂದೆ ತಿದ್ದುವಾಗ. ಮುಂಬಯಿಗೆ ಇಂಥ ಯೋಜನೆಗಳು ಈವರೆಗೆ ಮೂರು. 2034ರವರೆಗಿನ ಈಗಿನ ಯೋಜನೆಯ ಮೊದಲ ಕರಡು 2015ರಲ್ಲಿ ಹೊರಬಿದ್ದಾಗ ಅದರಲ್ಲಿಯ ತಪ್ಪುಗಳ ಕುರಿತು ಹತ್ತಾರು ಸಾವಿರ ಆಕ್ಷೇಪಗಳು ಬಂದು, ಸರಕಾರ ಅದನ್ನು ಅದೇ ವರ್ಷ ರದ್ದುಗೊಳಿಸಬೇಕಾಯಿತು. 2016ರಲ್ಲಿ ಹೊಸ ಕರಡು ಬಂದಿತು; 2018ರಲ್ಲಿ ಅದು ಜಾರಿಗೆ ಬಂದಿತು. ಆ ಆಕ್ಷೇಪಗಳಲ್ಲಿ ಕನ್ನಡ ಹೋಟೆಲ್ ಕೆಲಸಗಾರರದ್ದು ಎಷ್ಟಿದ್ದವೋ! ನಮ್ಮ ಸಂಘಗಳು ಯಕ್ಷಗಾನಕ್ಕೂ ಸನ್ಮಾನಕ್ಕೂ ಕೂಡುವ ಉತ್ಸಾಹದಲ್ಲಿ ಒಂದು ಪಾಲನ್ನು ಇಂಥ ನಕಾಶೆಗಳ ಕಡೆಗೆ ತಿರುಗಿಸಿದರೆ ತಪ್ಪಾಗಲಾರದು.

ನಕಾಶೆ ಸ್ಥಿರವಾದ ಮೇಲೆ ಉಳಿಯುವುದು ಬಹುಮಟ್ಟಿಗೆ ಲೆಕ್ಕ. ಆ ಲೆಕ್ಕದ ಹೆಸರು ಎಫ್.ಎಸ್.ಐ. ಎಂದು ಕೇಳದವರಿಲ್ಲ. ಸಾವಿರ ಚದರ ಮೀಟರಿನ ನಿವೇಶನಕ್ಕೆ ಎಫ್.ಎಸ್.ಐ. ಒಂದು ಎಂದರೆ ಎಲ್ಲ ಅಂತಸ್ತುಗಳೂ ಕೂಡಿ ಸಾವಿರ ಚದರ ಮೀಟರು ಕಟ್ಟಬಹುದೆಂದರ್ಥ. ಉಪನಗರಗಳಲ್ಲಿ ಮೂಲತಃ ಇರುವುದು ಇಷ್ಟೇ. ಆದರೆ ಎದುರಿನ ರಸ್ತೆ 27 ಮೀಟರು ಅಥವಾ ಅದಕ್ಕಿಂತ ಅಗಲವಿದ್ದರೆ ಅದು ಎರಡೂವರೆಯವರೆಗೆ ಏರಬಹುದು. ಏರಿದ ಭಾಗ ಪುಕ್ಕಟೆಯಲ್ಲ. ಅದರಲ್ಲಿ ಅರ್ಧಾಂಶಕ್ಕೆ ಪ್ರೀಮಿಯಂ ತೆರಬೇಕು. ಒಂದು ಅಂಶಕ್ಕೆ ಟಿ.ಡಿ.ಆರ್. ಕೊಳ್ಳಬೇಕು, ಅಂದರೆ ಮೈದಾನಕ್ಕೋ ರಸ್ತೆಗೋ ಭೂಮಿ ಬಿಟ್ಟುಕೊಟ್ಟ ಇನ್ನೊಬ್ಬ ಮಾಲಿಕನಿಗೆ ಹಣದ ಬದಲು ದೊರೆತ ಕಟ್ಟುವ ಹಕ್ಕನ್ನು ಅವನಿಂದ ಕೊಳ್ಳಬೇಕು. ಇದರ ಮೇಲೆ ಮತ್ತೆ ಪ್ರತಿಶತ 35ರಷ್ಟು ಹೆಚ್ಚಿನ ಭಾಗಕ್ಕೆ ಪ್ರತ್ಯೇಕ ಪ್ರೀಮಿಯಂ ಉಂಟು. ಹೀಗೆ ಸಾವಿರ ಚದರ ಮೀಟರಿನ ಭೂಮಿಯಲ್ಲಿ 3,375 ಚದರ ಮೀಟರು ಸಕ್ರಮವಾಗಿಯೇ ಏಳಬಲ್ಲುದು. ಅದೇ ನಿವೇಶನ 9 ಮೀಟರಿಗಿಂತ ಕಿರಿದಾದ ಗಲ್ಲಿಯಲ್ಲಿದ್ದರೆ ಪ್ರೀಮಿಯಮ್ಮಿನ ಅಂಶವೂ ಟಿ.ಡಿ.ಆರ್. ಅಂಶವೂ ಅದಕ್ಕೆ ದೊರಕುವುದಿಲ್ಲ. ಆದುದರಿಂದ ಕಿರಿದಾದ ಗಲ್ಲಿಯೊಳಗೆ ಹದಿನೈದು ಅಂತಸ್ತಿನ ಬಣ್ಣದ ಚಿತ್ರವನ್ನು ತೋರಿಸುವ ಬಿಲ್ಡರನನ್ನು ಕೇಳಬೇಕಾದ ಮೊದಲನೆಯ ಪ್ರಶ್ನೆ ಬೆಲೆಯದ್ದಲ್ಲ, ರಸ್ತೆಯ ಅಗಲದ್ದು.

ಇನ್ನು ಕಾಗದಗಳ ವಿಚಾರ. ಆರ್ಕಿಟೆಕ್ಟನು ನಕ್ಷೆಗಳನ್ನು ಕಂಪ್ಯೂಟರಿನ ಮೂಲಕ ಸಲ್ಲಿಸುತ್ತಾನೆ. ಯಂತ್ರವೇ ಅಳತೆಗಳನ್ನು ಮೊದಲು ತಾಳೆ ನೋಡುತ್ತದೆ. ಅನಂತರ ಇಂಜಿನಿಯರರು ನೋಡುತ್ತಾರೆ. ಎತ್ತರದ ಕಟ್ಟಡವಾದರೆ ಅಗ್ನಿಶಾಮಕ ದಳದ, ಮರ ಕಡಿಯುವುದಿದ್ದರೆ ವೃಕ್ಷ ಪ್ರಾಧಿಕಾರದ, ವಿಮಾನ ನಿಲ್ದಾಣದ ಸಮೀಪವಾದರೆ ಅಲ್ಲಿಯವರ ಒಪ್ಪಿಗೆ ಬೇಕು. ಎಲ್ಲವೂ ಸರಿಯೆಂದು ಕಂಡಮೇಲೆ ಕಾರ್ಪೊರೇಶನ್ನು ಕೊಡುವ ಮೊದಲನೆಯ ಪತ್ರಕ್ಕೆ ಐ.ಓ.ಡಿ. ಎಂದು ಹೆಸರು. ಈ ಮೂರಕ್ಷರಗಳ ಅರ್ಥ ಕೇಳಿದರೆ ವಾಚಕರು ನಗಬಹುದು: ಅದು "ಅಸಮ್ಮತಿಯ ತಿಳಿವಳಿಕೆ." 1888ರ ಕಾಯಿದೆಯ 346ನೆಯ ಕಲಮಿನಂತೆ ಕಮಿಷನರರು ಕಟ್ಟುವವನಿಗೆ, ನಿನ್ನ ಪ್ಲಾನು ನಮಗೆ ಸಮ್ಮತವಿಲ್ಲ, ಇಂತಿಂಥ ಷರತ್ತುಗಳನ್ನು ಪೂರೈಸಿದರೆ ಸಮ್ಮತಿಸುವೆವು ಎಂದು ಬರೆಯುವ ಪತ್ರವದು. ಅದೇ ಅಸಮ್ಮತಿಯ ಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗಿ, "ಪ್ಲಾನ್ ಪಾಸಾಗಿದೆ" ಎಂದು ಬುಕಿಂಗ್ ತೆಗೆದುಕೊಳ್ಳುವ ಚಾತುರ್ಯಕ್ಕೆ ಏನೆನ್ನೋಣ!

ಐ.ಓ.ಡಿ.ಯ ಷರತ್ತುಗಳು ಪೂರೈಸಿದ ಮೇಲೆ ಬರುವುದು ಸಿ.ಸಿ., ಎಂದರೆ ಕಾಮಗಾರಿ ಆರಂಭಿಸುವ ಪತ್ರ. ಇದೂ ಒಂದೇ ಸಲಕ್ಕೆ ಕೊನೆಯ ಅಂತಸ್ತಿನವರೆಗೆ ದೊರಕುವುದಿಲ್ಲ. ಮೊದಲು ಪ್ಲಿಂತಿನವರೆಗೆ ಮಾತ್ರ. ಪ್ಲಿಂತು ನಕ್ಷೆಯಂತೆಯೇ ಇದೆಯೆಂದು ಪರೀಕ್ಷಿಸಿದ ಮೇಲೆ ಮುಂದಿನ ಅಂತಸ್ತುಗಳಿಗೆ ಮತ್ತೆ ಹಿಂಬರಹವಾಗುತ್ತದೆ. ಅದರ ಆಯುಸ್ಸು ಒಂದು ವರ್ಷ; ವರ್ಷ ವರ್ಷ ಅದನ್ನು ಮುಂದುವರಿಸಿಕೊಳ್ಳಬೇಕು. ಏಳನೆಯ ಅಂತಸ್ತಿನಲ್ಲಿ ಖೋಲಿ ಕೊಳ್ಳುವವನು ಸಿ.ಸಿ. ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಏಳನೆಯ ಅಂತಸ್ತಿನವರೆಗೆ ಇದೆಯೇ ಎಂದು ಕೇಳಬೇಕು. ಕಟ್ಟಡ ಮುಗಿದು, ಒಪ್ಪಿದ ನಕ್ಷೆಗೂ ಅದಕ್ಕೂ ತಾಳೆಯಾದ ಬಳಿಕ ದೊರೆಯುವುದೇ ಓ.ಸಿ., ವಾಸಕ್ಕೆ ಅನುಮತಿಯ ಪತ್ರ. ಅದಿಲ್ಲದೆ ಒಳಗೆ ಕಾಲಿಡುವುದೇ ಕಾಯಿದೆಗೆ ವಿರುದ್ಧ. ಹೀಗಿದ್ದೂ ಮುಂಬಯಿಯಲ್ಲಿ ಓ.ಸಿ. ಇಲ್ಲದ ಕಟ್ಟಡಗಳಲ್ಲಿ ಗಣಹೋಮ ಮಾಡಿಸಿ ಸಂಸಾರ ಹೂಡಿದವರಿಗೆ ಲೆಕ್ಕವಿಲ್ಲ.

ಐ.ಓ.ಡಿ. ಎಂಬ ವಿಚಿತ್ರ ಮುಂಬಯಿಗೆ ಮಾತ್ರ ಸೇರಿದ್ದು. ಕಲ್ಯಾಣ, ವಸಯಿ, ಮೀರಾ-ಭಾಯಂದರಗಳಲ್ಲಿ ಬೇರೆ ಕಾರ್ಪೊರೇಶನ್ನುಗಳಿವೆ, ಲೆಕ್ಕದ ನಿಯಮಗಳೂ ಬೇರೆ, ಆದರೆ ಸಿ.ಸಿ., ಓ.ಸಿ.ಗಳು ಅಲ್ಲಿಯೂ ಬೇಕೇ ಬೇಕು. ಮುಂಬಯಿಯೊಳಗೆ ಸಹ ಎಲ್ಲ ಅರ್ಜಿಗಳೂ ಕಾರ್ಪೊರೇಶನ್ನಿಗೆ ಹೋಗುವುದಿಲ್ಲ. ಝೋಪಡಪಟ್ಟಿಯ ಪುನರ್ವಸತಿಯಾದರೆ ಎಸ್.ಆರ್.ಎ., ಮ್ಹಾಡಾದ ವಸಾಹತಾದರೆ 2018ರಿಂದ ಮ್ಹಾಡಾ ತಾನೇ ನಿರ್ಣಯಿಸುತ್ತದೆ. ಯಾವ ಕಚೇರಿಯ ಮೊಹರು ಇರಬೇಕೆಂಬುದನ್ನು ಮೊದಲು ತಿಳಿಯದೆ ಇದ್ದ ಮೊಹರನ್ನು ನಂಬಿ ಪ್ರಯೋಜನವಿಲ್ಲ.

ನಿಯಮಗಳು ಇಷ್ಟು ಬಿಗಿಯಾಗಿದ್ದರೆ ಅಧಿಕಾರಿಯ ವಿವೇಚನೆಗೆ ಉಳಿದದ್ದೇನು ಎಂದು ಕೇಳಬಹುದು. ರಿಯಾಯತಿಗಳು ಉಳಿದಿವೆ. ಕಟ್ಟಡದ ಸುತ್ತ ಬಿಡಬೇಕಾದ ತೆರವು ಸಾಲದೆ ಬಂದರೆ ಪ್ರೀಮಿಯಂ ತೆಗೆದುಕೊಂಡು ಮನ್ನಿಸುವ ಅಧಿಕಾರ ಕಮಿಷನರರಿಗಿದೆ. ಗಾಳಿ ಬೆಳಕಿನ ಕೊರತೆಗೆ ಹಣ ಸಂದಾಯವಾಗುತ್ತದೆ; ಆದರೆ ಆ ಕೊರತೆಯಲ್ಲಿ ಬದುಕಬೇಕಾದವನು ಬೇರೊಬ್ಬ. ನೆರೆಯವನಿಗೆ ಇದರ ಸೂಚನೆ ಕೊಡಬೇಕೆಂಬ ನಿಯಮವೂ ಇಲ್ಲ. ಅರ್ಜಿ ತಿರಸ್ಕೃತವಾದರೆ ಕಟ್ಟುವವನು 40 ದಿವಸಗಳೊಳಗೆ ಸರಕಾರಕ್ಕೆ ಅಪೀಲು ಮಾಡಬಹುದು. ಮಂಜೂರಾದರೆ ನೆರೆಯವನಿಗೆ ಹೈಕೋರ್ಟಿನ ಮೆಟ್ಟಲೇ ಗತಿ. ಈ ತಾರತಮ್ಯ ನಮಗೆ ಸರಿಯೆಂದು ತೋರುವುದಿಲ್ಲ.

60 ದಿವಸಗಳಲ್ಲಿ ಉತ್ತರ ಬಾರದಿದ್ದರೆ ಪರವಾನಿಗೆ ದೊರೆತಂತೆಯೇ ಎಂಬ ಕಲಮೊಂದು 1966ರ ಕಾಯಿದೆಯಲ್ಲಿದೆ. ಕೆಲವರು ಇದನ್ನು ಬ್ರಹ್ಮಾಸ್ತ್ರದಂತೆ ಬಳಸುತ್ತಾರೆ. ಆದರೆ ಪ್ಲಾನು ನಿಯಮಗಳಿಗೂ ವಿಕಾಸ ಯೋಜನೆಗೂ ಅನುಸಾರವಾಗಿದ್ದರೆ ಮಾತ್ರ ಎಂಬ ಷರತ್ತು ಅದೇ ಕಲಮಿನಲ್ಲಿರುವುದನ್ನು ಅವರು ಓದಿ ಹೇಳುವುದಿಲ್ಲ.

ಬಡವರಷ್ಟೇ ಇಂಥ ಬಲೆಯಲ್ಲಿ ಬೀಳುತ್ತಾರೆಂದು ತಿಳಿಯಬೇಕಾದುದಿಲ್ಲ. ವರಳಿಯ ಕ್ಯಾಂಪಾ ಕೋಲಾ ಆವರಣದಲ್ಲಿ 1980ರ ದಶಕದಲ್ಲಿ ಎದ್ದ ಏಳು ಕಟ್ಟಡಗಳಿಗೆ ಪರವಾನಿಗೆ ಇದ್ದದ್ದು ಐದು ಅಂತಸ್ತುಗಳಿಗೆ; ಅವುಗಳಲ್ಲಿ ಒಂದು 20 ಅಂತಸ್ತಿಗೂ ಇನ್ನೊಂದು 17 ಅಂತಸ್ತಿಗೂ ಏರಿತು. ಕೊಂಡವರು ವಿದ್ಯಾವಂತರು, ಅನುಕೂಲಸ್ಥರು. ಹೆಚ್ಚಿನ ಅಂತಸ್ತುಗಳು ಅಕ್ರಮವೆಂದು ಸುಪ್ರೀಂ ಕೋರ್ಟು 2013ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. 2014ರ ಜೂನ್ ತಿಂಗಳಲ್ಲಿ ಆ ಅಂತಸ್ತುಗಳ ನೀರು, ಗ್ಯಾಸು, ವಿದ್ಯುತ್ತುಗಳನ್ನು ಕಡಿಯಲಾಯಿತು. ಇಪ್ಪತ್ತೈದು ವರ್ಷ ಅಲ್ಲಿ ವಾಸಿಸಿದ್ದೆವೆಂಬ ವಾದ ನಿಲ್ಲಲಿಲ್ಲ.

ಮನೆಕಂದಾಯದ ರಸೀದಿ ತೋರಿಸಿ ಸಮಾಧಾನ ಹೇಳುವವರಿದ್ದಾರೆ. ಕಾರ್ಪೊರೇಶನ್ನು ಅಕ್ರಮ ಕಟ್ಟಡದ ಮೇಲೆಯೂ ಕಂದಾಯ ಹಾಕುತ್ತದೆ. ಅದರಿಂದ ಕಟ್ಟಡ ಸಕ್ರಮವಾಗುವುದಿಲ್ಲ. ವಿದ್ಯುತ್ ಬಿಲ್ಲಿನಿಂದಲೂ ಇಲ್ಲ, ರಿಜಿಸ್ಟರಾದ ಕರಾರಿನಿಂದಲೂ ಇಲ್ಲ. 2016ರ ರೇರಾ ಕಾಯಿದೆ ಬಂದಮೇಲೆ 500 ಚದರ ಮೀಟರಿಗೆ ಮೀರಿದ ಭೂಮಿಯಲ್ಲಿ ಎಂಟಕ್ಕೆ ಮೀರಿದ ಮನೆಗಳನ್ನು ಕಟ್ಟುವ ಬಿಲ್ಡರನು ನೋಂದಣಿ ಮಾಡಿಸಬೇಕು; ಕರಾರುಪತ್ರವಾಗುವ ಮೊದಲು ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಇದು ಒಳ್ಳೆಯ ರಕ್ಷಣೆಯೇ ಸರಿ. ಆದರೂ ಡೊಂಬಿವಲಿಯ ಕಟ್ಟಡಗಳಿಗೆ ಖೋಟಾ ಸಿ.ಸಿ.ಗಳ ಆಧಾರದ ಮೇಲೆ ರೇರಾ ನಂಬರುಗಳೂ ದೊರೆತಿದ್ದವೆಂಬುದನ್ನು ಮರೆಯುವಂತಿಲ್ಲ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಪ್ಪಿದ ಪ್ಲಾನನ್ನು ಕಟ್ಟುವ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕೆಂದೂ, ಓ.ಸಿ. ದೊರೆತ ಮೇಲೆಯೇ ಮನೆಗಳನ್ನು ವಶಕ್ಕೆ ಕೊಡಬೇಕೆಂದೂ, ಬ್ಯಾಂಕುಗಳು ಕಟ್ಟಡದ ಆಧಾರದ ಮೇಲೆ ಸಾಲ ಕೊಡುವ ಮೊದಲು ಆ ಪತ್ರವನ್ನು ಪರಿಶೀಲಿಸಬೇಕೆಂದೂ ವಿಧಿಸಿದೆ.

ಪತ್ರ ನಿಜವೋ ಖೋಟಾವೋ ಎಂಬುದನ್ನು ಕೊಟ್ಟ ಕಚೇರಿಯೇ ಹೇಳಬೇಕು, ಬಿಲ್ಡರನಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಬರೆದು, ಇಂತಿಂಥ ಸರ್ವೆ ನಂಬರಿನ ಭೂಮಿಯಲ್ಲಿಯ ಕಟ್ಟಡಕ್ಕೆ ಯಾವ ತಾರೀಖಿನಂದು ಎಷ್ಟು ಅಂತಸ್ತಿಗೆ ಸಿ.ಸಿ. ಕೊಟ್ಟಿದ್ದೀರಿ, ಆ ಭೂಮಿಗೆ ವಿಕಾಸ ಯೋಜನೆಯಲ್ಲಿ ಮೀಸಲಾತಿ ಇದೆಯೇ, ಓ.ಸಿ. ಆಗಿದೆಯೇ ಎಂದು ಕೇಳಬಹುದು. 30 ದಿವಸಗಳೊಳಗೆ ಲಿಖಿತ ಉತ್ತರ ಬರಬೇಕು. ಮರಾಠಿ ಬರೆಯಲು ಬಾರದ ಹೋಟೆಲ್ ಬಂಧುಗಳು ಆಫೀಸಿನಲ್ಲಿರುವ ಕನ್ನಡಿಗ ಗುಮಾಸ್ತರಿಂದ ಆ ಅರ್ಜಿಯನ್ನು ಬರೆಯಿಸಿಕೊಳ್ಳಬಹುದು. ಅದು ಒಂದು ಪುಟದ ಕೆಲಸ. ಉತ್ತರ ಕೈಸೇರುವವರೆಗೆ ಬುಕಿಂಗಿನ ಹಣ ತಮ್ಮ ಬ್ಯಾಂಕಿನಲ್ಲಿಯೇ ಇರಲಿ.